ವಿಜ್ಞಾನ ಛಾಯಾಚಿತ್ರಗಳ ಪ್ರದರ್ಶನಕ್ಕೆ ಹೊಳಪಿನ ಕಾಗದವೇ ಬೇಕೇ?

ಪರ: ಕಪ್ಪು ಕಪ್ಪಾಗಿಯೇ ಕಾಣಬೇಕು

ವಿಜ್ಞಾನದ ಚಿತ್ರದಲ್ಲಿ ಕಪ್ಪು ಕೂಡ ಮಾಹಿತಿಯೇ. ಫ್ಲೋರೊಸೆನ್ಸ್ ಸೂಕ್ಷ್ಮದರ್ಶಕದಲ್ಲಿ ತೆಗೆದ ಜೀವಕೋಶದ ಚಿತ್ರದಲ್ಲಿ ಬಣ್ಣ ಹಿಡಿದ ಭಾಗ ಮಾತ್ರ ಬೆಳಗುತ್ತದೆ; ಉಳಿದ ಕತ್ತಲು, ಹುಡುಕುತ್ತಿರುವ ವಸ್ತು ಅಲ್ಲಿಲ್ಲ ಎಂದು ತಿಳಿಸುತ್ತದೆ. ಆ ಕತ್ತಲು ಬೂದುಬಣ್ಣಕ್ಕೆ ತಿರುಗಿದರೆ ಚಿತ್ರ ತಪ್ಪು ಸಾಕ್ಷ್ಯ ನುಡಿದಂತೆಯೇ ಸರಿ.

ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸುವುದರಿಂದ ಅದರ ಅತಿ ಗಾಢ ಕಪ್ಪಿನ ಸಾಂದ್ರತೆ (ಕಪ್ಪು ಎಷ್ಟು ಗಾಢವೆಂಬುದರ ಅಳತೆ) ಸಾಮಾನ್ಯವಾಗಿ 1.6ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಅಂದರೆ ಬಿದ್ದ ಬೆಳಕಿನಲ್ಲಿ ಶೇ 2.5ರಷ್ಟು ಮರಳಿ ಬರುತ್ತದೆ. ಬೇರಿಯಂ ಸಲ್ಫೇಟ್ ಲೇಪವಿರುವ, ಬರೈಟಾ ಎಂಬ ಒಳ್ಳೆಯ ಹೊಳಪಿನ ಕಾಗದದಲ್ಲಿ ಸಾಂದ್ರತೆ 2.3ರವರೆಗೂ ಏರಿ, ಮರಳುವ ಬೆಳಕು ಶೇ 0.5ಕ್ಕೆ ಇಳಿಯುತ್ತದೆ. ಐದು ಪಟ್ಟಿನ ಈ ಅಂತರಕ್ಕೆ ಉಪಕರಣ ಬೇಡ, ಕಣ್ಣೇ ಸಾಕು.

ಮಂಗಳೂರಿನ ಕಾಲೇಜೊಂದರ ಪ್ರದರ್ಶನದಲ್ಲಿ ಈರುಳ್ಳಿ ಬೇರಿನ ತುದಿಯ ಕೋಶವಿಭಜನೆಯ ಫ್ಲೋರೊಸೆನ್ಸ್ ಚಿತ್ರವನ್ನು ಎರಡು ಬಗೆಯ ಕಾಗದಗಳಲ್ಲಿ ಮುದ್ರಿಸಿ ಅಕ್ಕಪಕ್ಕದಲ್ಲಿ ತೂಗುಹಾಕಿದ್ದೆವು. ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳು ಹೊಳಪಿನ ಪ್ರಿಂಟಿನ ಮುಂದೆ ನಿಂತು, ವರ್ಣತಂತುಗಳು ಎರಡು ಧ್ರುವಗಳತ್ತ ಸರಿಯುತ್ತಿರುವುದನ್ನು ತಾಯಿಗೆ ತುಳುವಿನಲ್ಲಿ ಬಿಡಿಸಿ ಹೇಳುತ್ತಿದ್ದಳು. ಮ್ಯಾಟ್ ಪ್ರಿಂಟಿನ ಮುಂದೆ ಬಂದವಳು ನನ್ನತ್ತ ತಿರುಗಿ, ‘ಸರ್, ಸುತ್ತಲಿನ ಈ ಮಬ್ಬು ಕೂಡ ಜೀವಕೋಶದ ಭಾಗವೇ?’ ಎಂದು ಕೇಳಿದಳು. ಮಬ್ಬು ಕಾಗದದ್ದು ಎಂದು ನಾನು ವಿವರಿಸುವಷ್ಟರಲ್ಲಿ ಸಾಲಿನ ಹಿಂದಿನವರು ಅವರಿಬ್ಬರನ್ನೂ ಮುಂದಕ್ಕೆ ಸರಿಸಿಬಿಟ್ಟಿದ್ದರು.

ಹೊಳಪಿನ ಕಾಗದದಲ್ಲಿ ದೀಪಗಳ ಪ್ರತಿಬಿಂಬ ಕಾಣುತ್ತದೆಂಬ ಆಕ್ಷೇಪವಂತೂ ಹಳೆಯದು. ದೀಪಗಳನ್ನು ಮೇಲಿನಿಂದ ಓರೆಯಾಗಿ ಇರಿಸಿದರೆ ಅದು ತೀರಿತು. ಮ್ಯಾಟ್ ಕಾಗದದ ಪಕ್ಷ ವಹಿಸುವವರಿಗೆ ವಿಜ್ಞಾನದ ಚಿತ್ರವೂ ಜಲವರ್ಣದಂತೆ ಮೃದುವಾಗಿರಬೇಕೆಂಬ ಆಸೆ. ಅಧ್ಯಯನಕ್ಕೆಂದು ತೆಗೆದ ಚಿತ್ರಕ್ಕೆ ಆ ಮೃದುತ್ವ ಬೇಕಿಲ್ಲ.

ವಿರೋಧ: ನಮ್ಮ ಸಭಾಂಗಣ, ನಮ್ಮ ಮಳೆಗಾಲ

ಈ ಪಕ್ಷವನ್ನು ಮಂಡಿಸುವಂತೆ ನನ್ನನ್ನು ಕೇಳಿಕೊಂಡಿದ್ದಾರೆ. ಕಪ್ಪು ಹಿನ್ನೆಲೆಯ ಫ್ಲೋರೊಸೆನ್ಸ್ ಚಿತ್ರಗಳಿಗೆ ಹೊಳಪಿನ ಕಾಗದ ಒಪ್ಪುತ್ತದೆಂಬುದನ್ನು ನಾನೂ ಅಲ್ಲಗಳೆಯಲಾರೆ. ಆದರೆ ಪ್ರದರ್ಶನದಲ್ಲಿ ಅಂಥ ಚಿತ್ರಗಳಷ್ಟೇ ಇರುವುದಿಲ್ಲ. 8 ಕೋಟಿ ವರ್ಷಗಳಿಗೂ ಹಿಂದೆ ಲಾವಾ ತಣಿದು ರೂಪುಗೊಂಡ ಸೇಂಟ್ ಮೇರೀಸ್ ದ್ವೀಪದ ಕಂಬಬಂಡೆಗಳಾಗಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸುವ ಪರಾಗರೇಣುವಾಗಲಿ, ಅವುಗಳ ವಿವರವೆಲ್ಲ ಬಹುಪಾಲು ನಡುವಣ ಛಾಯೆಗಳಲ್ಲಿರುತ್ತದೆ. ಮ್ಯಾಟ್ ಕಾಗದಕ್ಕೆ ಅಷ್ಟನ್ನು ಹಿಡಿಯುವ ಶಕ್ತಿಯಿದೆ.

ಉಡುಪಿಯ ಯಾವುದೇ ಸಾಮಾನ್ಯ ಸಭಾಂಗಣದಲ್ಲಿ ಚಾವಣಿಯ ಟ್ಯೂಬ್‌ಲೈಟ್‌ಗಳನ್ನು ಓರೆಯಾಗಿಸಲು ಬರುವುದಿಲ್ಲ, ಎದುರಿನ ಕಿಟಕಿಯನ್ನು ಮುಚ್ಚಲೂ ಆಗುವುದಿಲ್ಲ. ಮಳೆಗಾಲದ ತೇವದಲ್ಲಿ ಹೊಳಪಿನ ಮೇಲ್ಮೈ ಚೌಕಟ್ಟಿನ ಗಾಜಿಗೆ ನೇರವಾಗಿ ತಾಗಿದ್ದರೆ ಅಂಟಿಕೊಳ್ಳುವ ಅಪಾಯವಿರುವುದರಿಂದ ನಡುವೆ ರಟ್ಟಿನ ಮೌಂಟ್ ಇಡಲೇಬೇಕು. ಮುಟ್ಟಿದವರ ಬೆರಳಗುರುತೂ ಅದರ ಮೇಲೆ ಎದ್ದು ಕಾಣುತ್ತದೆ. ಸಾಂದ್ರತೆಯ ಅಂಕಿಗಳು ಪ್ರಯೋಗಾಲಯದ ವಿಷಯ. ಪ್ರೇಕ್ಷಕರಿಗೆ ಬೇಕಾದದ್ದು ಯಾವ ಕಡೆಯಿಂದ ನೋಡಿದರೂ ಕಾಣುವ ಚಿತ್ರ.

ಮ್ಯಾಟ್ ಮೇಲ್ಮೈಗೆ ಉಜ್ಜಿದರೆ ಬೇಗ ಗೀರು ಬೀಳುತ್ತದೆ, ಅದನ್ನು ಎಚ್ಚರದಿಂದ ಸಾಗಿಸಬೇಕು. ಎರಡೂ ಬಗೆಯ ಕಾಗದಕ್ಕೆ ಹಣವಿದ್ದರೆ ಚಿತ್ರಕ್ಕೆ ತಕ್ಕಂತೆ ಆರಿಸಲಿ. ಇಡೀ ಪ್ರದರ್ಶನಕ್ಕೆ ಒಂದೇ ಕಾಗದ ಎಂದಾದರೆ ನಾನು ಮ್ಯಾಟ್ ಅನ್ನೇ ಸೂಚಿಸುತ್ತೇನೆ.