ಅದು ಶೋಕಿ ಅಲ್ಲ, ಲೆಕ್ಕಾಚಾರ

ಬ್ರಿಟನ್ನಿನ ರಾಕ್ ಬ್ಯಾಂಡ್ ಐರನ್ ಮೇಡನ್ ಬಗ್ಗೆ ಬಂದ ಲೇಖನ ಓದಿದೆ. ಈ ಬ್ಯಾಂಡ್ 2008ರ ವಿಶ್ವ ಪ್ರವಾಸಕ್ಕೆ ಒಂದು ವಿಮಾನವನ್ನೇ ಇಟ್ಟುಕೊಂಡಿದ್ದನ್ನು ಅದರ ಲೇಖಕರು ‘ಸ್ಟಾರ್‌ಗಳ ಶೋಕಿ’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇಂಥ ಪ್ರವಾಸದಲ್ಲಿ ಜನಕ್ಕಿಂತ ಸಾಮಾನು ಸಾಗಿಸುವುದೇ ಜಾಸ್ತಿ ತಲೆನೋವು. ಯುರೋಪಿನಲ್ಲಾದರೆ ಲಾರಿಗೆ ತುಂಬಿ ರಾತ್ರೋರಾತ್ರಿ ಮುಂದಿನ ಊರಿಗೆ ಹೋಗಬಹುದು. ಮುಂಬೈಯಿಂದ ಆಸ್ಟ್ರೇಲಿಯಾದ ಪರ್ತ್‌ಗೆ ಲಾರಿ ಹೋಗುತ್ತಾ? ಹಡಗಿಗೆ ಹಾಕಿದರೆ ವಾರಗಟ್ಟಲೆ ಕಾಯಬೇಕು. ಅದಕ್ಕೇ ಬೋಯಿಂಗ್ 757 ವಿಮಾನದ ಹಿಂಭಾಗದ ಸೀಟುಗಳನ್ನು ತೆಗೆಸಿ, ವೇದಿಕೆಯ ಸಾಮಾನನ್ನೆಲ್ಲ ಅಲ್ಲೇ ತುಂಬಿದರು. ಗಾಯಕ ಬ್ರೂಸ್ ಡಿಕಿನ್ಸನ್ ಅವರೇ ಪೈಲಟ್. (ಗಂಟಲು ಹರಿಯುವ ಹಾಗೆ ಹಾಡುವ ಮನುಷ್ಯ ವಿಮಾನವನ್ನೂ ಓಡಿಸೋದು ಅಂದ್ರೆ ಸುಮ್ನೆ ಮಾತಲ್ಲ!) ಮುಂಬೈಯಲ್ಲಿ ಶುರುವಾದ ಮೊದಲ ಸುತ್ತಿನಲ್ಲೇ 45 ದಿನಕ್ಕೆ 23 ಶೋ.

ಹಾಗಂತ ಎಲ್ಲ ಸಲೀಸಾಗಿತ್ತು ಅಂತಲ್ಲ. 2016ರ ಪ್ರವಾಸದಲ್ಲಿ ಚಿಲಿಯ ಸ್ಯಾಂಟಿಯಾಗೊ ವಿಮಾನ ನಿಲ್ದಾಣದಲ್ಲಿ, ಎಳೆದೊಯ್ಯುವ ಗಾಡಿಯೇ ಗುದ್ದಿ ಅವರ ಆಗಿನ ವಿಮಾನ ಬೋಯಿಂಗ್ 747ರ ಎರಡು ಎಂಜಿನ್ ಜಖಂ ಆದವು. ಆದರೂ ಮರುದಿನ ಅರ್ಜೆಂಟೀನಾದ ಕೊರ್ಡೊಬಾದಲ್ಲಿ ಶೋ ನಡೆಯಿತು.

ಇಷ್ಟುದ್ದ ಲೇಖನದಲ್ಲಿ ಬೆಂಗಳೂರಿನ ಹೆಸರೇ ಇಲ್ಲವಲ್ಲ ಸ್ವಾಮಿ? 2007ರ ಮಾರ್ಚ್ 17ರಂದು ಅರಮನೆ ಮೈದಾನಕ್ಕೆ ಬಂದಿದ್ದರು. 2009ರ ಫೆಬ್ರವರಿಯಲ್ಲಿ ಮತ್ತೆ ಬಂದರು. ಅದನ್ನೂ ಸೇರಿಸಿ.