ಶಿವಮೊಗ್ಗದ ವೆಲ್ಡಿಂಗ್ ಶಾಪಿಗೂ ಒಂದು ಡೆಸಿಬೆಲ್ ಮೀಟರ್ ಬೇಕು

ಜರ್ಮನಿಯಲ್ಲಿ ಕಾರಿನ ಸೈಲೆನ್ಸರ್ ಬದಲಿಸಲು ಹೊರಟರೆ ಗ್ಯಾರೇಜಿನವರು ಮೊದಲು ಕೇಳುವುದು ಕಾಗದ. ಶಿವಮೊಗ್ಗದಲ್ಲಿ ಮೊದಲು ಕೇಳುವುದು "ಸೌಂಡ್ ಎಷ್ಟು ಬೇಕು ಸರ್?" ಅಂತ. ನನ್ನ ಕೆಲಸ ಸ್ಟುಟ್‌ಗಾರ್ಟಿನಲ್ಲಿ, ಮನೆ ತೀರ್ಥಹಳ್ಳಿ ಕಡೆ. ಎರಡೂ ಊರಿನ ಗ್ಯಾರೇಜುಗಳಲ್ಲಿ ಗಂಟೆಗಟ್ಟಲೆ ನಿಂತು ನೋಡಿದ್ದೇನೆ. ನಮ್ಮ ವೆಲ್ಡರ್‌ಗಳ ಕಸುಬು ಅಲ್ಲಿಯವರಿಗಿಂತ ಕಡಿಮೆ ಅಂತ ನನಗೆ ಯಾವತ್ತೂ ಅನಿಸಿಲ್ಲ, ಕೆಲವು ವಿಷಯದಲ್ಲಿ ನಮ್ಮವರೇ ಒಂದು ಕೈ ಮೇಲು. ಆದರೆ ಅವರು ಮಾಡಿದ ಕೆಲಸವನ್ನು ಅಳೆದು ನೋಡಿ, ಸರಿ ಇದ್ದರೆ ಸರಿ ಎಂದು ಮೊಹರು ಹಾಕುವ ಜಾಗ ನಮ್ಮಲ್ಲಿಲ್ಲ. ನನ್ನ ತಕರಾರು ಅದರ ಬಗ್ಗೆ.

ಮಾತು ಶುರುವಾದದ್ದು ಚಿಕ್ಕಪ್ಪನ ಮಗನ ಸ್ವಿಫ್ಟಿನಿಂದ. ನಾಲ್ಕು ಸಿಲಿಂಡರಿನ 1.2 ಲೀಟರ್ ಪೆಟ್ರೋಲ್ ಗಾಡಿ. ಹಿಂದಿನ ಸೈಲೆನ್ಸರ್ ಡಬ್ಬಿ ತುಕ್ಕು ಹಿಡಿದು ಅಡಿಯ ಜೋಡಣೆಯಲ್ಲಿ ಬಾಯಿ ಬಿಟ್ಟಿತ್ತು. ಎರಡು ಪೈಪು ಬೋಲ್ಟಿನಲ್ಲಿ ಸೇರುವ ನಡುವಿನ ಫ್ಲ್ಯಾಂಜು ತೋಟದ ರಸ್ತೆಯ ಕಲ್ಲಿಗೆ ತಾಗಿ ತಾಗಿ ಸವೆದುಹೋಗಿತ್ತು. "ಅಣ್ಣ, ಅದನ್ನೇ ಮತ್ತೆ ಹಾಕ್ಸೋ ಬದ್ಲು ಎಸ್‌ಎಸ್‌ನಲ್ಲಿ ಪೂರ್ತಿ ಕಟ್ಸಿಬಿಡೋಣ" ಅಂದ. ಎಸ್‌ಎಸ್ ಅಂದರೆ ಸ್ಟೇನ್‌ಲೆಸ್ ಸ್ಟೀಲ್. ನಾನೂ ಹೂಂ ಅಂದೆ, ಯಾಕೆಂದರೆ ಅದಕ್ಕೆ ಕಾರಣಗಳಿದ್ದವು.

ಒಂದು, ನೆಲ. ನಮ್ಮ ತೋಟದ ದಾರಿಗಳಲ್ಲಿ ಚಕ್ರದ ಎರಡು ಜಾಡು ತಗ್ಗಾಗಿ, ನಡುವೆ ಹುಲ್ಲು ಕಲ್ಲಿನ ದಿಬ್ಬ ಎದ್ದಿರುತ್ತದೆ. ಸಣ್ಣ ಕಾರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಸುಮಾರು 165–170 ಎಂಎಂ, ನಾಲ್ಕು ಜನ ಕೂತು ಎರಡು ಮೂಟೆ ಅಡಿಕೆ ಹಾಕಿದರೆ ಅದೂ ಇಲ್ಲ. ಪೈಪಿನ ದಾರಿಯನ್ನು ಒಂದೆರಡು ಬೆರಳು ಮೇಲಕ್ಕೆ ಎತ್ತಿ, ಫ್ಲ್ಯಾಂಜನ್ನು ಮುಂದಿನಿಂದ ಬರುವ ಕಲ್ಲಿಗೆ ಸಿಗದ ಹಾಗೆ ತಿರುಗಿಸಿ ಕೂರಿಸಿದರೆ ವರ್ಷಗಟ್ಟಲೆ ನಿಶ್ಚಿಂತೆ.

ಇನ್ನೊಂದು, ನೀರು. ಪೆಟ್ರೋಲು ಉರಿದರೆ ನೀರು ಹುಟ್ಟುತ್ತದೆ, ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ ಒಂದು ಲೀಟರ್. ಎಂಜಿನ್ ಚೆನ್ನಾಗಿ ಕಾದಿದ್ದರೆ ಅದೆಲ್ಲ ಆವಿಯಾಗಿ ಹೊರಗೆ ಹೋಗುತ್ತದೆ. ಮನೆಯಿಂದ ಸೊಸೈಟಿಗೆ, ಸೊಸೈಟಿಯಿಂದ ಮನೆಗೆ ಅಂತ ಓಡುವ ಗಾಡಿಯ ಸೈಲೆನ್ಸರ್ ಆ ಮಟ್ಟಕ್ಕೆ ಕಾಯುವುದೇ ಇಲ್ಲ. ಆವಿ ಡಬ್ಬಿಯೊಳಗೇ ತಣಿದು ನಿಂತು, ಒಳಗಿನಿಂದ ತಿನ್ನುತ್ತದೆ. ಜರ್ಮನಿಯಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅಲ್ಲಿ ಹೊರಗಿನಿಂದಲೂ ತಿನ್ನುತ್ತದೆ. ನಮ್ಮಲ್ಲಿ ಉಪ್ಪಿಲ್ಲ, ಆದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಹೊರಮೈ ಒಣಗುವುದೂ ಇಲ್ಲ. ಹಾಗಾಗಿ ಉಕ್ಕಿನ ದರ್ಜೆ ಇಲ್ಲಿ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ತುಕ್ಕು ತಡೆಯುವುದು ಮುಖ್ಯವಾಗಿ ಉಕ್ಕಿಗೆ ಬೆರೆಸಿದ ಕ್ರೋಮಿಯಂ. 409 ದರ್ಜೆಯಲ್ಲಿ ಸುಮಾರು ಶೇ 11 ಕ್ರೋಮಿಯಂ. 304ರಲ್ಲಿ ಶೇ 18ರಷ್ಟು ಕ್ರೋಮಿಯಂ, ಶೇ 8ರಷ್ಟು ನಿಕ್ಕಲ್. ಬೆಲೆ ಹೆಚ್ಚಾದರೂ ಮಲೆನಾಡಿನ ಮಳೆಗೆ 304 ತಡೆಯುತ್ತದೆ. ಡಬ್ಬಿಯ ಅತಿ ತಗ್ಗಿನ ಜಾಗದಲ್ಲಿ ನೀರು ಬಸಿಯಲು ಸಣ್ಣದೊಂದು ತೂತು ಬಿಡುವುದನ್ನು ಮಾತ್ರ ಮರೆಯಬಾರದು.

ಶಿವಮೊಗ್ಗದ ಆ ಶಾಪಿನಲ್ಲಿ ನಾನು ಕಂಡ ಕೆಲಸವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೇಸ್ತ್ರಿ ಕಂಪ್ಯೂಟರ್ ಮುಟ್ಟಲಿಲ್ಲ, ಟೇಪನ್ನೂ ಹೆಚ್ಚು ಬಳಸಲಿಲ್ಲ. 8 ಎಂಎಂ ಕಂಬಿಯೊಂದನ್ನು ತೆಗೆದುಕೊಂಡು ಕಾರಿನಡಿ ಮಲಗಿ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದಿನಿಂದ ಹಿಡಿದು ಹಿಂಬದಿ ಆಕ್ಸಲ್ ದಾಟಿ ಬಂಪರಿನವರೆಗೆ ಪೈಪು ಹೋಗಬೇಕಾದ ದಾರಿಯಲ್ಲೇ ಅದನ್ನು ಬಗ್ಗಿಸುತ್ತಾ ಹೋದರು. ಪೆಟ್ರೋಲ್ ಟ್ಯಾಂಕಿನ ಹತ್ತಿರ ಬಂದಾಗ ಕೈಯನ್ನು ಅಡ್ಡ ಹಿಡಿದು, ಅಂಗೈ ದಪ್ಪದ ಜಾಗ ಬಿಟ್ಟೇ ಮುಂದಕ್ಕೆ ಸರಿದರು. ಹ್ಯಾಂಡ್‌ಬ್ರೇಕ್ ಕೇಬಲ್ ಬಳಿಯೂ ಹಾಗೆಯೇ. ಕಂಬಿ ಹೊರಗೆ ಬಂದಾಗ ಅದೇ ಅವರ ನಕ್ಷೆ. ಪೈಪಿಗೆ ಒಣ ಮರಳು ತುಂಬಿ, ಎರಡೂ ಬಾಯಿಗೆ ಬೆಣೆ ಹೊಡೆದು, ಗ್ಯಾಸ್ ಟಾರ್ಚಿನಲ್ಲಿ ಕೆಂಪಗಾಗುವವರೆಗೆ ಕಾಯಿಸಿ, ಕಂಬಿಯ ಪಕ್ಕ ಹಿಡಿದು ಬಗ್ಗಿಸಿದರು. ಒಳಗೆ ಮರಳಿರುವುದರಿಂದ ತಿರುವಿನಲ್ಲಿ ಪೈಪು ಚಪ್ಪಟೆಯಾಗುವುದಿಲ್ಲ. ಮರಳು ಸ್ವಲ್ಪ ಹಸಿಯಾಗಿದ್ದರೂ ಒಳಗೆ ಉಗಿ ಕಟ್ಟಿ ಬೆಣೆ ಸಿಡಿಯುತ್ತದೆ ಅಂತ, ಬಳಸುವ ಮೊದಲು ಅದನ್ನು ತಗಡಿನ ಮೇಲೆ ಹುರಿದುಕೊಂಡಿದ್ದರು. ಆಮೇಲೆ ಕಾರಿನ ಬ್ಯಾಟರಿ ಕಳಚಿ, ಅಲ್ಲಲ್ಲಿ ಚುಕ್ಕಿ ವೆಲ್ಡ್ ಹಾಕಿ ಕೂರಿಸಿ ನೋಡಿ, ಬಿಚ್ಚಿ ತಂದು ಮೇಜಿನ ಮೇಲೆ ಪೂರ್ತಿ ಬೆಸೆದರು. ಮೈಲ್ಡ್ ಸ್ಟೀಲಿನ ಹಳೆಯ ಫ್ಲ್ಯಾಂಜಿಗೆ 304 ಪೈಪು ಸೇರುವ ಕಡೆ, ಎರಡು ಬಗೆಯ ಉಕ್ಕನ್ನು ಬೆಸೆಯುವ 309ಎಲ್ ವೆಲ್ಡಿಂಗ್ ಕಡ್ಡಿಯನ್ನೇ ಹಿಡಿದರು. ಕೇಳಿದ್ದಕ್ಕೆ, "ಬೇರೆ ಕಡ್ಡಿ ಹಿಡಿದ್ರೆ ಅಲ್ಲೇ ಬಿರುಕು ಬಿಡ್ತದೆ ಸರ್" ಅಂದರು.

ಈ ಕೈ ಎಲ್ಲಿಂದಲೋ ಉದುರಿದ್ದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದದ್ದು 1923ರಲ್ಲಿ. ಮೂರ್ನಾಲ್ಕು ತಲೆಮಾರು ಈ ಜಿಲ್ಲೆಯಲ್ಲಿ ಲೋಹದ ಜೊತೆಗೇ ಬದುಕಿದೆ. ಇವತ್ತಿಗೂ ಮಾಚೇನಹಳ್ಳಿಯ ಫೌಂಡ್ರಿಗಳಿಂದ ವಾಹನ ಉದ್ಯಮಕ್ಕೆ ಎರಕದ ಭಾಗಗಳು ಹೋಗುತ್ತವೆ, ಅಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮಾಲು ವಾಪಸ್. ಅಂದರೆ ಅಳತೆ ಎನ್ನುವುದು ಶಿವಮೊಗ್ಗಕ್ಕೆ ಹೊಸತಲ್ಲ. ಅದು ಕಾರ್ಖಾನೆಯ ಗೇಟು ದಾಟಿ ವೆಲ್ಡಿಂಗ್ ಶಾಪಿಗೆ ಬಂದಿಲ್ಲ.

ಬರದಿರುವುದರಿಂದ ಏನಾಗುತ್ತದೆ ನೋಡಿ. ಪೈಪಿನ ದಪ್ಪ, ಅಂದರೆ ವ್ಯಾಸ, ಎಷ್ಟಿರಬೇಕು ಎನ್ನುವುದಕ್ಕೆ ಹುಡುಗರ ಉತ್ತರ, ದಪ್ಪ ಇದ್ದಷ್ಟೂ ಒಳ್ಳೆಯದು. 1.2 ಲೀಟರ್ ಎಂಜಿನ್ನಿಗೆ ಎರಡೂವರೆ ಇಂಚಿನ ಪೈಪು ಹಾಕಿಸಿಕೊಂಡವರನ್ನು ನೋಡಿದ್ದೇನೆ. ಹೊಗೆ ರಭಸದಿಂದ ಓಡಿದರೆ ತನ್ನ ಹಿಂದಿನದನ್ನೂ ಸೆಳೆದುಕೊಂಡು ಹೋಗುತ್ತದೆ. ಪೈಪು ಅತಿ ದಪ್ಪವಾದರೆ ರಭಸ ತಗ್ಗಿ, ಕಡಿಮೆ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಧಾನ ತಿರುಗುವಾಗ, ಎಳೆತ ಸಾಯುತ್ತದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಎರಡನೇ ಗೇರಿನಲ್ಲಿ ಹತ್ತುವವನಿಗೆ ಬೇಕಿರುವುದೇ ಆ ಎಳೆತ. ಇಂಥ ಕಾರಿಗೆ ಒಂದೂಮುಕ್ಕಾಲು ಇಂಚು ಸಾಕು, ಎರಡು ಇಂಚು ದಾಟಲೇಬಾರದು. ಶಕ್ತಿಯ ಲೆಕ್ಕದಲ್ಲಿ ಸಿಗುವುದು ಎರಡು ಮೂರು ಎಚ್‌ಪಿ, ಅದೂ ಸಿಕ್ಕರೆ.

ಆಮೇಲೆ ಗುಂಯ್ ಎನ್ನುವ ಆ ಕೊರೆತ. ನಾಲ್ಕು ಸಿಲಿಂಡರಿನ ಎಂಜಿನ್ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಸಲ ಉರಿಯುತ್ತದೆ. ಆ 100 ಹರ್ಟ್ಸ್ ಸದ್ದು ಕಾರಿನೊಳಗೆ ಡೋಲಿನ ಹಾಗೆ ತುಂಬಿಕೊಳ್ಳುತ್ತದೆ, ಹಿಂದೆ ಕೂತ ಅಮ್ಮನಿಗೆ ಶಿವಮೊಗ್ಗ ಮುಟ್ಟುವ ಹೊತ್ತಿಗೆ ತಲೆನೋವು. ಇದಕ್ಕೆ ಮದ್ದಿದೆ: ಮುಖ್ಯ ಪೈಪಿನ ಪಕ್ಕಕ್ಕೆ, ತುದಿ ಮುಚ್ಚಿದ ಇನ್ನೊಂದು ಪೈಪು. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 500 ಮೀಟರ್ ಎಂದು ಹಿಡಿದು ಆ 100 ಹರ್ಟ್ಸ್‌ನ ನಾಲ್ಕು ಪಟ್ಟಿನಿಂದ, ಅಂದರೆ 400ರಿಂದ ಭಾಗಿಸಿದರೆ 1.25 ಮೀಟರ್. ಅಷ್ಟುದ್ದದ ಪಕ್ಕದ ಪೈಪಿಗೆ ಹೋದ ಸದ್ದು ತಿರುಗಿ ಬರುವಾಗ ಉಲ್ಟಾ ಆಗಿ ಬಂದು ಮೂಲ ಸದ್ದನ್ನೇ ನುಂಗುತ್ತದೆ. ನೇರ ಜಾಗವಿಲ್ಲದಿದ್ದರೆ ಬಗ್ಗಿಸಿದರೂ ನಡೆಯುತ್ತದೆ. ಇದನ್ನು ವಿವರಿಸಿದಾಗ ಮೇಸ್ತ್ರಿ ಸುಣ್ಣದ ಕಡ್ಡಿಯಲ್ಲಿ ನೆಲದ ಮೇಲೆ ಗೆರೆ ಎಳೆದು ನೋಡಿ, ಅರ್ಧ ದಿನದಲ್ಲಿ ಮಾಡಿ ಕೂರಿಸಿದರು. ಅವರಿಗೆ ಈ ಲೆಕ್ಕ ಹೇಳಿಕೊಟ್ಟವರು ಅಲ್ಲಿವರೆಗೆ ಯಾರೂ ಇರಲಿಲ್ಲ.

ಸ್ಟುಟ್‌ಗಾರ್ಟಿನ ರೀತಿಯೇ ಬೇರೆ. ಅಲ್ಲಿ ನೀವು ಗಂಟೆ ಲೆಕ್ಕದಲ್ಲಿ ಲಿಫ್ಟ್ ಬಾಡಿಗೆಗೆ ಪಡೆದು ನಿಮ್ಮ ಕೈಯಾರೆ ಸೈಲೆನ್ಸರ್ ಕಟ್ಟಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ರಸ್ತೆಗೆ ಇಳಿಸುವ ಮೊದಲು ಟ್ಯೂಫ್‌ನಂಥ ಮಾನ್ಯ ಸಂಸ್ಥೆಯ ಎಂಜಿನಿಯರ್ ಮುಂದೆ ಕಾರು ನಿಲ್ಲಬೇಕು. ಅನುಮೋದಿತ ಗುರುತಿರುವ ತಯಾರು ಭಾಗವಾದರೆ ಕೆಲಸ ಸುಲಭ. ನೀವೇ ಕಟ್ಟಿದ್ದಾದರೆ ಆ ಒಂದು ಕಾರಿಗೇ ಬಿಡಿ ತಪಾಸಣೆ. ವೆಲ್ಡ್ ನೋಡುತ್ತಾರೆ, ಬಿಸಿ ಪೈಪಿಗೂ ಟ್ಯಾಂಕಿಗೂ ಇರುವ ಅಂತರ ನೋಡುತ್ತಾರೆ, ಹೊಗೆ ಅಳೆಯುತ್ತಾರೆ, ಸದ್ದು ಅಳೆಯುತ್ತಾರೆ. ನಿಂತ ಗಾಡಿಯ ಸದ್ದು ಅಳೆಯಲು ಪೈಪಿನ ಬಾಯಿಂದ ಅರ್ಧ ಮೀಟರ್ ದೂರಕ್ಕೆ, 45 ಡಿಗ್ರಿ ಓರೆಯಾಗಿ ಮೈಕ್ ಇಡುತ್ತಾರೆ. ಆ ಅಂಕಿ ಗಾಡಿಯ ನೋಂದಣಿ ಪತ್ರದಲ್ಲೇ ಇರುತ್ತದೆ. ದಾರಿಯಲ್ಲಿ ಪೊಲೀಸರು ನಿಲ್ಲಿಸಿದರೆ ಮೀಟರ್ ಹಿಡಿದು ಆ ಅಂಕಿಗೆ ಹೋಲಿಸುತ್ತಾರೆ. ಕಿವಿಯಲ್ಲಿ ಕೇಳಿ ತೀರ್ಪು ಕೊಡುವ ಪ್ರಶ್ನೆಯೇ ಇಲ್ಲ.

ಅಲ್ಲಿನದೆಲ್ಲ ಚಂದ ಅಂತ ನಾನು ಹೇಳುತ್ತಿಲ್ಲ. ಖರ್ಚು ವಿಪರೀತ. ತುಕ್ಕು ಹಿಡಿದ ಒಂದು ಗೇಣು ಪೈಪನ್ನಷ್ಟೇ ಕತ್ತರಿಸಿ ಬೆಸೆದುಕೊಡುವ ಮನಸ್ಸುಳ್ಳ ಗ್ಯಾರೇಜು ಹುಡುಕಬೇಕು, ಬಹುತೇಕರು ಇಡೀ ಭಾಗ ಬದಲಿಸಿ ಎನ್ನುತ್ತಾರೆ. ಈ ವಿಷಯದಲ್ಲಿ ನಮ್ಮೂರೇ ಸರಿ ಎಂದು ನನ್ನ ಗಟ್ಟಿ ಅಭಿಪ್ರಾಯ.

ಈಗ ನಮ್ಮ ಕಾನೂನಿಗೆ ಬನ್ನಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗುವ ಬದಲಾವಣೆಯನ್ನು ಒಪ್ಪುವುದಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಶಬ್ದ, ಹೊಗೆಯ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ. ಕರ್ನಾಟಕದ ಊರುಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ಚಿತ್ರ ಎಲ್ಲರೂ ನೋಡಿದ್ದೀರಿ.

ಕರ್ಕಶ ಸೈಲೆನ್ಸರ್‌ಗಳ ಮೇಲೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆ ಸಕ್ರೆಬೈಲಿನ ಆನೆ ಬಿಡಾರದ ಪಕ್ಕ ಹಾದು ಹೋಗುತ್ತದೆ. ಮುಂದೆ ಮಂಡಗದ್ದೆಯಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುತ್ತವೆ, ರಸ್ತೆಗೆ ತೀರಾ ಹತ್ತಿರ. ಅಲ್ಲಿ ಪಟಪಟ ಸಿಡಿಸಿಕೊಂಡು ಹೋಗುವವನ ಕಾರು ನಿಲ್ಲಿಸಬೇಕು, ದಂಡವೂ ಬೀಳಬೇಕು. ಕ್ಯಾಟಲಿಟಿಕ್ ಕನ್ವರ್ಟರಿನ ಒಳಗಿನ ಜಾಲರಿ ಒಡೆದು ತೆಗೆಸುವವರ ಮೇಲೆ ಇನ್ನೂ ಸಿಟ್ಟು. ಹೊಗೆಯಲ್ಲಿನ ಆಮ್ಲಜನಕ ಅಳೆದು ಎಂಜಿನ್ನಿಗೆ ಸುದ್ದಿ ಮುಟ್ಟಿಸುವ ಲ್ಯಾಂಬ್ಡಾ ಸೆನ್ಸರನ್ನು ಸ್ಟುಟ್‌ಗಾರ್ಟಿನ ಬಾಷ್ ಕಂಪನಿ 1976ರಲ್ಲಿ ಮೊದಲು ವೋಲ್ವೋ ಕಾರಿಗೆ ಕೊಟ್ಟಿತು. ಅಂದಿನಿಂದ ಆ ಸೆನ್ಸರ್, ಕನ್ವರ್ಟರ್ ಎರಡೂ ಕೂಡಿ ವಿಷದ ಹೊಗೆಯನ್ನು ಅಷ್ಟಿಷ್ಟು ಹಿಡಿದಿಟ್ಟಿವೆ. ಅದನ್ನು ನಾಲ್ಕು ಡೆಸಿಬೆಲ್ ಆಸೆಗೆ ಕಿತ್ತು ಹಾಕುವುದು ತಪ್ಪು, ಮಲೆನಾಡಿನಲ್ಲಂತೂ ಅಪಾಯ. ಜಡಿಮಳೆಯಲ್ಲಿ ಗಾಜು ಏರಿಸಿಕೊಂಡು ಹೋಗುವಾಗ, ಕಾರಿನಡಿಯೇ ಮುಗಿಯುವ ಗಿಡ್ಡ ಪೈಪಿನಿಂದ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿದರೆ ವಾಸನೆಯೂ ಗೊತ್ತಾಗುವುದಿಲ್ಲ.

ಆದರೆ ಕಾನೂನಿನ ಕಣ್ಣಲ್ಲಿ ಈ ಪುಂಡ ಪೈಪೂ, ಮೂಲಕ್ಕಿಂತ ಮೆತ್ತಗೆ ಉಸಿರಾಡುವ ಒಳ್ಳೆಯ ಎಸ್‌ಎಸ್ ಪೈಪೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಒಳ್ಳೆಯದನ್ನು ಮಾಡಿದ ಮೇಸ್ತ್ರಿಗೂ ಬಿಲ್ಲು ಕೊಡಲು ಹೆದರಿಕೆ. ಹೆದರಿಕೆಯ ಕೆಲಸಕ್ಕೆ ದರ್ಜೆಯಿಲ್ಲ, ಗ್ಯಾರಂಟಿಯಿಲ್ಲ. ತೋಟಕ್ಕೆ ತಂದು ಉಳಿದ, ಸತು ಲೇಪಿಸಿದ ಜಿಐ ಪೈಪಿನ ತುಂಡನ್ನೇ ಬೆಸೆದು, ಸತುವಿನ ಹೊಗೆ ಕುಡಿದು ರಾತ್ರಿಯೆಲ್ಲ ಜ್ವರದಲ್ಲಿ ಮಲಗುವ ಹುಡುಗರೂ ಈ ಹಿಂಬಾಗಿಲಿನ ದಂಧೆಯಲ್ಲೇ ಇದ್ದಾರೆ.

ದಾರಿ ಇಲ್ಲದೆ ಇಲ್ಲ. ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಹಾಕಿಸಲು ನಮ್ಮ ಕಾನೂನೇ ಅವಕಾಶ ಕೊಟ್ಟಿದೆ: ಅನುಮೋದಿತ ಕಿಟ್, ಅಧಿಕೃತ ಫಿಟ್ಟರ್, ಆರ್‌ಟಿಒ ತಪಾಸಣೆ, ಆರ್‌ಸಿಯಲ್ಲಿ ನಮೂದು. ಹೊತ್ತಿಕೊಳ್ಳುವ ಅನಿಲವನ್ನು ಸಿಲಿಂಡರಿನಲ್ಲಿ ತುಂಬಿ ಡಿಕ್ಕಿಯಲ್ಲಿಡುವುದಕ್ಕೇ ದಾರಿ ಇದ್ದಮೇಲೆ ಹೊಗೆ ಕೊಳವೆಗೆ ಯಾಕಿರಬಾರದು? ಕನ್ವರ್ಟರಿನ ಹಿಂದಿನ ಭಾಗಕ್ಕೆ ಮಾತ್ರ ಅನುಮತಿ ಕೊಡಲಿ. ಸದ್ದು ಕಂಪನಿ ಸೈಲೆನ್ಸರಿಗಿಂತ ಒಂದು ಡೆಸಿಬೆಲ್ಲೂ ಹೆಚ್ಚಬಾರದು ಎನ್ನಲಿ. ಅಳೆಯಲು ದೊಡ್ಡ ಪ್ರಯೋಗಾಲಯವೇನೂ ಬೇಡ, ತೆರೆದ ಬಯಲು, ಪ್ರಮಾಣೀಕರಿಸಿದ ಮೀಟರ್, ತರಬೇತಾದ ಒಬ್ಬ ಇನ್‌ಸ್ಪೆಕ್ಟರ್ ಸಾಕು. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಪಾಲಿಟೆಕ್ನಿಕ್ ಇದೆ. ಮೆಕ್ಯಾನಿಕಲ್ ವಿಭಾಗದ ಹುಡುಗರು ವೆಲ್ಡಿಂಗ್ ಶಾಪುಗಳಿಗೆ ಹೋಗಿ ಪೈಪಿನ ವ್ಯಾಸ, ಪಕ್ಕದ ಪೈಪಿನ ಉದ್ದ ಲೆಕ್ಕ ಹಾಕಿಕೊಟ್ಟರೆ ಅವರಿಗೂ ಪ್ರಾಜೆಕ್ಟ್ ಆಯಿತು, ಮೇಸ್ತ್ರಿಗಳಿಗೂ ಕಲಿತ ಹಾಗಾಯಿತು.

ಅಂಥ ನಿಯಮ ಬರುವ ತನಕ ಊರಲ್ಲಿ ಸೈಲೆನ್ಸರ್ ರಿಪೇರಿಗೆ ಕೊಡುವವರು ಕಂಪನಿಯ ವ್ಯಾಸ, ಕಂಪನಿಯ ಸದ್ದಿನೊಳಗೇ ಇರಿ. ಕನ್ವರ್ಟರ್, ಸೆನ್ಸರ್ ಮುಟ್ಟಿಸಬೇಡಿ, ಪೈಪಿನ ಬಾಯಿ ಬಂಪರ್ ದಾಟಿ ಹೊರಗೆ ಬರಲಿ. ಉಕ್ಕಿನ ದರ್ಜೆ, ಪೈಪಿನ ವ್ಯಾಸ, ಹಿಡಿದ ಕಡ್ಡಿ ಯಾವುದು ಎನ್ನುವುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ನಮ್ಮ ಮೇಸ್ತ್ರಿ ಮೊದಲು ಅನುಮಾನಿಸಿದರು, ಆಮೇಲೆ ಹುಡುಗನ ಕೈಯಿಂದ ಪೆನ್ನು ಇಸಿದುಕೊಂಡು ತಾವೇ ಮೂರೂ ಬರೆದು ಸಹಿ ಹಾಕಿದರು.