ಸೈಲೆಂಟ್ ಜನರೇಟರಿನ ಪಕ್ಕದ ಮನೆಯಿಂದ

‘ನಾಳೆ ವಿದ್ಯುತ್ ವ್ಯತ್ಯಯ, ಗ್ರಾಹಕರು ಸಹಕರಿಸಬೇಕು’ ಎಂದು ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು ಬಂತೆಂದರೆ ಚಿತ್ರದುರ್ಗದ ನಮ್ಮ ಮನೆಯಲ್ಲಿ ಮೊದಲು ಹುಡುಕುವುದು ಕಿವಿಗಿಡುವ ಹತ್ತಿಯನ್ನು. ಮೇಣದಬತ್ತಿ ಆಮೇಲೆ. ಪಕ್ಕದಲ್ಲೇ ಕಲ್ಯಾಣ ಮಂಟಪ. ಅದರ ಜನರೇಟರು ನಮ್ಮ ಅಡುಗೆಮನೆ ಕಿಟಕಿಗೆ ಮುಖ ಮಾಡಿ ಕೂತಿದೆ. ಹೊಸ ಸಂಬಂಧಿಕರಂತೆ, ಅಷ್ಟು ಹತ್ತಿರ.

ಅದು ಸೈಲೆಂಟ್ ಜನರೇಟರಂತೆ, ಎಂದರೆ ಸದ್ದಡಗಿಸುವ ಪೆಟ್ಟಿಗೆಯೊಳಗೆ ಕೂತದ್ದು. ಹಾಗೆಂದು ಮೈಮೇಲೇ ಬರೆದುಕೊಂಡಿದೆ. ಇಂಥ ಪೆಟ್ಟಿಗೆಗೆ ಕಾನೂನು ಕೊಟ್ಟಿರುವ ಮಿತಿ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್. ಜನ ವಾಸಿಸುವ ಬೀದಿಗೆ ಮಿತಿ ಹಗಲು 55, ರಾತ್ರಿ 45. ಡೆಸಿಬಲ್ ಲೆಕ್ಕ ತರಕಾರಿ ಲೆಕ್ಕವಲ್ಲ. ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು.

2000ದ ಶಬ್ದಮಾಲಿನ್ಯ ನಿಯಮದಲ್ಲಿ ನನಗೆ ಬಲು ಇಷ್ಟವಾದದ್ದು ಹಗಲು. ಬೆಳಗಿನ ಆರಕ್ಕೆ ಶುರುವಾಗಿ ರಾತ್ರಿ ಹತ್ತಕ್ಕೆ ಮುಗಿಯುತ್ತದೆ. ಒಂಬತ್ತೂ ಮುಕ್ಕಾಲಿಗೆ ಮಾಳಿಗೆ ಮೇಲೆ ನಕ್ಷತ್ರ ಎಣಿಸುತ್ತಾ ನಿಂತವನು ಕಾನೂನಿನ ಪ್ರಕಾರ ಹಗಲುಗನಸು ಕಾಣುತ್ತಿದ್ದಾನೆ. ಆ ಹಗಲಲ್ಲಿ ದೂರು ಕೊಡಬೇಕಾದರೆ ಸದ್ದು ಮಿತಿಗಿಂತ 10 ಡೆಸಿಬಲ್ಲಾದರೂ ಮೀರಿರಬೇಕು. ‘ಎಷ್ಟು ಮೀರಿದೆ?’ ಎಂದು ಕಚೇರಿಯೊಂದರಲ್ಲಿ ಕೇಳಿದರು. ‘ತಲೆ ಒಡೆಯುವಷ್ಟು’ ಎಂದೆ. ‘ಅಳತೆ ಹೇಳಿ ಸಾರ್’ ಎಂದರು.

ನಮ್ಮ ಪೆಟ್ಟಿಗೆಯದು ಇನ್ನೊಂದು ಕಥೆ. ಸದ್ದು ಹೊರಬಾರದಂತೆ ಒಳಗೆಲ್ಲ ದಪ್ಪ ಸ್ಪಂಜು, ಗಟ್ಟಿ ಬಾಗಿಲು. ಆದರೆ ಬಾಗಿಲು ಸದಾ ಹಾರುಹೊಡೆದಿರುತ್ತದೆ. ಆಪರೇಟರ್ ಹುಡುಗನನ್ನು ಕೇಳಿದೆ. ‘ಮುಚ್ಚಿದ್ರೆ ಬಿಸಿ ಆಗ್ತೈತೆ ಸಾರ್, ಆಫ್ ಆಗ್ಬಿಡ್ತೈತೆ’ ಎಂದ. ಬಾಗಿಲ ಮೇಲೆ ಅವನ ಅಂಗಿ, ಟವೆಲ್ಲು. ‘ಓಡುವಾಗ ಬಾಗಿಲು ಮುಚ್ಚಿರಲಿ’ ಎಂಬ ಚೀಟಿಯೂ ಅದೇ ಬಾಗಿಲಿಗೆ ಅಂಟಿದೆ. ತೆರೆದಾಗ ಅದು ಗೋಡೆಯ ಕಡೆಗಿರುತ್ತದೆ, ಗೋಡೆ ಓದಿಕೊಳ್ಳುತ್ತದೆ.

ಮೊನ್ನೆ ಕೋಟೆ ಹತ್ತಿ ಓಬವ್ವನ ಕಿಂಡಿಯ ಮುಂದೆ ನಿಂತಾಗ ಭಯವಾಯಿತು. ನೀರಿಗೆಂದು ಬಂದ ಆ ತಾಯಿಗೆ ಕಿಂಡಿಯಾಚೆ ಹೈದರಾಲಿಯ ಸೈನಿಕರ ಪಿಸುಮಾತು ಕೇಳಿಸಿತಂತಲ್ಲ! ಅವತ್ತು ಕೋಟೆಯೊಳಗೊಂದು ಮದುವೆ, ಒಂದೇ ಒಂದು ಸೈಲೆಂಟ್ ಜನರೇಟರು ಇದ್ದಿದ್ದರೆ? ಸೈನಿಕರು ನುಸುಳಿ, ಊಟಕ್ಕೆ ಕೂತು, ಎರಡು ಸಲ ಹೋಳಿಗೆ ಹಾಕಿಸಿಕೊಂಡರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೇಲಿಂದ ನೋಡಿದರೆ ಜೋಗಿಮಟ್ಟಿ ಸಾಲಿನ ಮೇಲೆ ಗಾಳಿಯಂತ್ರಗಳು ಗಂಭೀರವಾಗಿ ಕರೆಂಟು ಮಾಡುತ್ತಾ ತಿರುಗುತ್ತಿದ್ದವು. ಕೆಳಗೆ ಊರು ಡೀಸೆಲ್ ಸುಡುತ್ತಿತ್ತು.

ನಗುವುದಕ್ಕೂ ಈಗ ಬೇಜಾರು. ಎದುರುಮನೆ ಅಜ್ಜಿಗೆ ಪಾರ್ಶ್ವವಾಯು. ಏಪ್ರಿಲ್ ಬಿಸಿಲಲ್ಲಿ ಕರೆಂಟಿಲ್ಲ, ಫ್ಯಾನಿಲ್ಲ. ಕಿಟಕಿ ತೆರೆದರೆ ಹೊಗೆ ಮತ್ತು ಸದ್ದು, ಮುಚ್ಚಿದರೆ ಉಬ್ಬೆ. ಅತ್ತ ಮಂಟಪದಲ್ಲಿ ಖಾಲಿ ಕುರ್ಚಿಗಳ ಮೇಲೆ ಮೂವತ್ತು ಫ್ಯಾನ್ ತಿರುಗುತ್ತವೆ. ಆಕೆ ಯಾರಿಗೆ, ಯಾಕೆ ಸಹಕರಿಸಬೇಕು? ಬಾಗಿಲು ಮುಚ್ಚಿಸಲು ಆಗದವರು ನಿಯಮವನ್ನಾದರೂ ಯಾಕೆ ಬರೆದರು?

ನಿನ್ನೆ ಏಳೂವರೆಗೆ ಕರೆಂಟು ಬಂತು. ಬೀದಿಯೆಲ್ಲ ಬೆಳಗಿತು, ಜನರೇಟರು ಮಾತ್ರ ನಿಲ್ಲಲಿಲ್ಲ. ಹೋಗಿ ಕೇಳಿದರೆ ಅಡುಗೆಭಟ್ಟರು ಕಿವಿಯ ಹತ್ತಿರ ಬಂದು ಕೂಗಿದರು: ‘ಹುಡುಗ ಮಂಡಕ್ಕಿ ಮಿರ್ಚಿ ತಿನ್ನಾಕೆ ಹೋಗ್ಯಾನೆ ಸಾರ್, ಆಫ್ ಮಾಡೋದು ಅವನಿಗೊಬ್ಬನಿಗೇ ಗೊತ್ತು!’